ಗೇರ್ ಹಲ್ಲಿನ ಬಿರುಕು

ಪುಟ್ಟಯ್ಯನಿಗೆ ಹದಿನೆಂಟು ವರ್ಷದಿಂದ ಒಂದೇ ಕೆಲಸ. ಪಂಚನಹಳ್ಳಿಯ ಹೊರಗೆ ಪಂಚಾಕ್ಷರಪ್ಪನವರ ನಾರಿನ ಮಿಲ್ಲಿದೆ. ಅಲ್ಲಿ ತೆಂಗಿನ ಸಿಪ್ಪೆ ಬಡಿಯುವ ಯಂತ್ರಕ್ಕೆ ಎಣ್ಣೆ ಬಿಡುವುದು, ಕೆಟ್ಟರೆ ಬಿಚ್ಚಿ ಜೋಡಿಸುವುದು. ಶ್ರಾವಣದ ಒಂದು ಬೆಳಿಗ್ಗೆ, ಮುಚ್ಚಳವಿಲ್ಲದ ಗೇರ್ ಚಕ್ರದ ಹಲ್ಲೊಂದು ಮುರಿದು ಸಿಡಿದು, ಸಿಪ್ಪೆ ಹಾಕುತ್ತಿದ್ದ ಶಕುಂತಲಮ್ಮನ ಬಲಗಣ್ಣಿಗೆ ಬಡಿಯಿತು. ಶಿವಮೊಗ್ಗದವರೆಗೆ ಕರೆದೊಯ್ದರೂ ಕಣ್ಣು ಉಳಿಯಲಿಲ್ಲ.

ಪುಟ್ಟಯ್ಯ ಎಣ್ಣೆ ಬಿಟ್ಟಿರಲಿಲ್ಲ ಎಂದು ಪಂಚಾಕ್ಷರಪ್ಪ ಎಲ್ಲರೆದುರು ಹೇಳಿಬಿಟ್ಟರು. ಬಿಟ್ಟಿದ್ದೆ ಎಂದು ಇವನು ಒಮ್ಮೆ ಹೇಳಿದ. ಆಮೇಲೆ ಅವನಿಗೇ ಅನುಮಾನ ಹುಟ್ಟಿತು. ಆ ದಿನ ಎಣ್ಣೆ ಡಬ್ಬಿ ಯಾವ ಕೈಯಲ್ಲಿ ಹಿಡಿದಿದ್ದೆ ಎಂದು ನೆನೆಯುತ್ತ ಕೂತರೆ ತಟ್ಟೆಯಲ್ಲಿ ಮುದ್ದೆ ಆರಿಹೋಗುತ್ತಿತ್ತು.

ಹತ್ತನೆಯ ದಿನ ಮುರಿದ ಚಕ್ರವನ್ನು ಚೀಲದಲ್ಲಿ ಹಾಕಿಕೊಂಡು ಬೀರೂರಿನ ಬಸ್ಸು ಹತ್ತಿದ. ಅಲ್ಲಿ ಡಿಪ್ಲೊಮಾ ಓದಿದ ತನುಜಾ ಅಪ್ಪನ ಲೇತ್ ಅಂಗಡಿ ನಡೆಸುತ್ತಾಳೆ. ಅವಳು ಉಳಿದ ಹಲ್ಲೊಂದನ್ನು ಅಡ್ಡಲಾಗಿ ಕತ್ತರಿಸಿ, ನುಣ್ಣಗೆ ಉಜ್ಜಿ, ಆಸಿಡ್ ಹಚ್ಚಿದಳು. ಅಂಚಿನಲ್ಲಿ ಉಗುರಿನಷ್ಟೂ ದಪ್ಪವಿಲ್ಲದ ಕಪ್ಪು ಪದರ ಕಂಡಿತು. ಅದರಡಿ ಕೂದಲೆಳೆಯಂಥ ಬಿರುಕೊಂದು ಮೇಲಕ್ಕೆ ಬಾರದೆ ಒಳಗೊಳಗೇ ಓಡಿತ್ತು.

"ಕಾಸಿ ಗಟ್ಟಿ ಮಾಡಿರೋದು ಈ ಕಪ್ಪು ಪದರ ಇಷ್ಟೇ ಕಣಣ್ಣ. ಒಳಗೆಲ್ಲಾ ಮೆತ್ಗೈತೆ. ಹಲ್ಲಿನ ಮ್ಯಾಲೆ ಹಲ್ಲು ಒತ್ತಿ ಒತ್ತಿ ಒಳಗಿಂದ್ಲೇ ಬಿಟ್ಕಂಡೈತೆ. ನೀನು ಡಬ್ಬಿಗಟ್ಲೆ ಎಣ್ಣೆ ಸುರಿದಿದ್ರೂ ಮುರೀತಿತ್ತು."

ಅಷ್ಟನ್ನೂ ಚೀಟಿಯಲ್ಲಿ ಬರೆಸಿಕೊಂಡು ಅವನು ನೇರ ಶಕುಂತಲಮ್ಮನ ಮನೆಗೆ ಹೋದ. ಆಕೆ ಪೂರ್ತಿ ಕೇಳಿಸಿಕೊಂಡಳು.

"ನೀನು ಎಣ್ಣೆ ಬಿಟ್ಟಿದ್ದು ನಾನೇ ನೋಡಿದ್ದೆ ಪುಟ್ಟಣ್ಣ. ಮೂರು ದಿನದಿಂದ ಕಟಕಟ ಅಂತಿತ್ತಲ್ಲ, ಅದು ನಿಂಗೆ ಕೇಳಿರ್ಲಿಲ್ವಾ?"

ಕೇಳಿತ್ತು. ಮಾಲೀಕರಿಗೆ ಹೇಳಿಯೂ ಇದ್ದ. ಈ ಲೋಡು ಹೋಗಲಿ, ಆಮೇಲೆ ನೋಡೋಣ ಎಂದಿದ್ದರು. ಆದರೆ ಸ್ವಿಚ್ಚಿದ್ದುದು ಇವನ ಕೈಗೆಟುಕುವಲ್ಲಿ. ಆಕೆ ಗೋಡೆ ಸವರಿಕೊಂಡು ಒಳಗೆ ಹೋಗಿ ನೀರು ತಂದುಕೊಟ್ಟಳು.

ಮರುದಿನ ಮಿಲ್ಲಿಗೆ ಹೋದಾಗ ಮುರಿದ ಚಕ್ರವನ್ನು ಕೊಂಡಿದ್ದ ಅಂಗಡಿಯಿಂದಲೇ ತಂದ ಅಂಥದೇ ಇನ್ನೊಂದು ಚಕ್ರ ಕೂರಿಸಿಯಾಗಿತ್ತು. ಪಂಚಾಕ್ಷರಪ್ಪ ಚೀಟಿಯನ್ನು ಓದದೆ ಮಡಿಚಿ ಜೇಬಿಗಿಟ್ಟುಕೊಂಡು, ಸ್ವಿಚ್ ಹಾಕು ಎಂದರು. ಅವನು ಹಾಕಲಿಲ್ಲ. ಸಿಪ್ಪೆ ಹೊತ್ತು ನಿಂತಿದ್ದ ಹೆಂಗಸರಿಗೆ ಬಿರುಕಿನ ವಿಷಯ ಹೇಳಿ, ಹತ್ತಿರ ಹೋಗಬೇಡಿ ಎಂದು ಅಂಗಲಾಚಿದ. ಅವರು ನೆಲ ನೋಡಿದರು. ಪಂಚಾಕ್ಷರಪ್ಪ ತಾವೇ ಬಂದು ಸ್ವಿಚ್ ಒತ್ತಿದರು.

ಪುಟ್ಟಯ್ಯ ಈಗ ತರೀಕೆರೆಯ ಮಂಡಿಯಲ್ಲಿ ಮೂಟೆ ಹೊರುತ್ತಾನೆ. ಪಂಚನಹಳ್ಳಿ ಕಡೆಯವರು ಯಾರು ಸಿಕ್ಕರೂ, ಮಿಲ್ಲು ಇನ್ನೂ ಓಡುತ್ತಿದೆಯೇ ಎಂದು ಮೊದಲು ಕೇಳುತ್ತಾನೆ.