‘ಹಾಕ್’ ಅಂದೆ, ಕಾರು ಜಾರಿತು

ಹೊಸ ಕಾರು ಕೊಳ್ಳುವವರಿಗೆ ಅದನ್ನು ತಮಗಿಂತ ಮೊದಲು ಯಾರೂ ಮುಟ್ಟಿಲ್ಲ ಎಂಬ ನಂಬಿಕೆ. ಸೀಟಿನ ಪ್ಲಾಸ್ಟಿಕ್ ಹರಿಯುವುದಕ್ಕೂ ಮುಹೂರ್ತ ನೋಡುತ್ತಾರೆ. ಆ ಸೀಟಿನ ಮೇಲೆ ನಾನು ಕೂತಿರುತ್ತೇನೆ. ನನಗಿಂತ ಮೊದಲು ಇನ್ನೂ ಹತ್ತು ಜನ ಕೂತಿರುತ್ತಾರೆ.

ನಮ್ಮೂರು ಶೇಡಬಾಳ. ರೈಲ್ವೆ ಗೇಟಿನಲ್ಲಿ ನಿಂತರೆ ಕಾರು ತುಂಬಿದ ಗೂಡ್ಸ್ ಗಾಡಿ ಹೋಗುವುದು ಕಾಣುತ್ತದೆ. ಎತ್ತರದ ಮುಚ್ಚಿದ ಡಬ್ಬಿಗಳು, ಒಳಗೆ ಎರಡು ಅಂತಸ್ತು. ಜನ ಸಿಮೆಂಟ್ ಗಾಡಿ ಅಂದುಕೊಳ್ಳುತ್ತಾರೆ. ಆ ಕಾರುಗಳು ಮುಂದೆ ಗೂಡ್ಸ್ ಯಾರ್ಡಿನಲ್ಲಿ ಇಳಿಯುತ್ತವೆ, ಅಲ್ಲಿಂದ ಎರಡು ಅಂತಸ್ತಿನ ಉದ್ದನೆಯ ಲಾರಿ ಹತ್ತಿ ಅಥಣಿಗೆ ಬರುತ್ತವೆ. ನಾನು ಅಥಣಿಯ ಶೋರೂಮಿನ ಹಿಂದಿನ ಬಯಲಿನಲ್ಲಿ ಕೆಲಸ ಮಾಡುತ್ತೇನೆ. ಲಾರಿಯಿಂದ ಕಾರು ಇಳಿಸುವುದು ಲಾರಿ ಡ್ರೈವರನ ಕೆಲಸ. ಹಿಂದೆ ನಿಂತು ದಾರಿ ಹೇಳುವುದು, ಇಳಿದ ಕಾರನ್ನು ಶೆಡ್ಡಿಗೆ ಒಯ್ಯುವುದು ನನ್ನದು.

ನಾನು ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು. ಹೆವಿ ಲೈಸನ್ಸ್ ಮಾತ್ರ ತೆಗೆಸಿದ್ದೇನೆ. ನನಗೆ ಬೇಕಾಗಿದ್ದದ್ದು ಒಂದೇ, ಆ ಲಾರಿಯ ಸ್ಟೇರಿಂಗ್. ಅದರ ಮೇಲೆ ಕೂತಿದ್ದವನು ಸಾತಾರಾ ಕಡೆಯ ಒಬ್ಬ ಮರಾಠಿ ಮನುಷ್ಯ. ಐವತ್ತು ದಾಟಿದ್ದ. ಕನ್ನಡ ಒಂದಕ್ಷರ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ನಿಯಮ ಇದೆ. ಪ್ಯಾಂಟಿಗೆ ಬೆಲ್ಟ್ ಹಾಕಬಾರದು, ಬೆರಳಿಗೆ ಉಂಗುರ ಬೇಡ, ಕೈಗೆ ಕಡಗ ಬೇಡ. ತಗುಲಿದರೆ ಬಣ್ಣ ಗೀಚುತ್ತದೆ. ನಾನು ಪ್ಯಾಂಟಿಗೆ ಲಾಡಿ ಕಟ್ಟಿಕೊಂಡು ಬರುತ್ತೇನೆ. ಅವನು ದಪ್ಪ ಕಡಗ ಹಾಕಿಕೊಂಡೇ ಬರುತ್ತಿದ್ದ. ಆ ದಿನ ಬೆಳಿಗ್ಗೆ ಅವನು ಲಾರಿ ನಿಲ್ಲಿಸಿದ ಕೂಡಲೇ ಹೇಳಿದೆ.

“ಕಡಗ ತಗೀರಿ. ಬಣ್ಣಕ್ಕ ಗೀರ್ ಬಿದ್ರ ನನ್ನ ತಲೀಗೆ ಬರ್ತೈತಿ.”

“ಏ ಕಾನಡ್ಯಾ, ಮರಾಠೀತ ಬೋಲ್,” ಅಂದ. ಕನ್ನಡದವನೇ ಎಂದು ಹೀಯಾಳಿಸಿ, ಮರಾಠಿಯಲ್ಲಿ ಮಾತಾಡು ಅಂತ. ಕಡಗ ಸವರಿಕೊಂಡು ನಕ್ಕ.

ನನಗೆ ಮರಾಠಿ ಚೆನ್ನಾಗಿ ಬರುತ್ತದೆ. ನಮ್ಮವ್ವ ಮಿರಜ ಕಡೆಯವಳು, ಮನೆಯಲ್ಲಿ ಬೈಗುಳವೆಲ್ಲ ಮರಾಠಿಯಲ್ಲೇ. ಅಲ್ಲಿಯವರೆಗೆ ಕಾರು ಇಳಿಸುವಾಗಲೂ ಮರಾಠಿಯಲ್ಲೇ ಹೇಳುತ್ತಿದ್ದೆ. ಬರಲಿ ಅನ್ನುವುದಕ್ಕೆ ‘ಯೇವೂ ದೇ’, ನಿಲ್ಲಿಸು ಅನ್ನುವುದಕ್ಕೆ ‘ಥಾಂಬ’. ಕಾನಡ್ಯಾ ಅಂದಮೇಲೆ ಇವತ್ತು ಮರಾಠಿಯ ಒಂದು ಮಾತೂ ಇವನಿಗಿಲ್ಲ ಎಂದು ತೀರ್ಮಾನ ಮಾಡಿದೆ. ನಾನೇ ಮಾಡಿದ ತೀರ್ಮಾನ.

ಕೆಳಗಿನ ಅಂತಸ್ತಿನ ಕಾರುಗಳು ಸರಿಯಾಗಿ ಇಳಿದವು. ನಾನು “ಬರ್ಲಿ, ಬರ್ಲಿ” ಅಂದೆ, ಅವನು ಕನ್ನಡಿ ನೋಡಿಕೊಂಡು ತನ್ನ ಪಾಡಿಗೆ ಇಳಿಸಿದ. ಮೇಲಿನ ಅಂತಸ್ತಿನಿಂದ ಬಿಳಿ ಕಾರನ್ನು ಹಿಮ್ಮುಖವಾಗಿ ಬಿಡುವಾಗ ಬಲಗಡೆ ಹಿಂದಿನ ಚಕ್ರ ಕಾರು ಇಳಿಯುವ ಕಬ್ಬಿಣದ ಪಟ್ಟಿಯ ಅಂಚಿಗೆ ಬಂತು. ಇನ್ನು ನಾಲ್ಕು ಬೆರಳು ಬಂದರೆ ಕೆಳಗೆ. ಬ್ರೇಕ್ ಹಾಕು ಅನ್ನಬೇಕಿತ್ತು. ಗಾಬರಿಯಲ್ಲಿ ಬ್ರೇಕ್ ಅನ್ನುವ ಮಾತು ನುಂಗಿಹೋಯಿತು.

“ಹಾಕ್! ಹಾಕ್! ಹಾಕ್!” ಎಂದು ಒದರಿದೆ.

ಮರಾಠಿಯಲ್ಲಿ ‘ಹಾಕ್’ ಅಂದರೆ ಹೊಡಿ, ಗಾಡಿ ಓಡಿಸು. ಅವನು ಆಕ್ಸಿಲರೇಟರ್ ಒತ್ತಿದ.

ಚಕ್ರ ಜಾರಿತು. ಕಾರು ಒಂದು ಕಡೆ ವಾಲಿ ಹೊಟ್ಟೆಯ ಮೇಲೆ ಕೂತಿತು. ಬಾಗಿಲ ಕೆಳಗೆ ಮೊಳದುದ್ದ ತಗಡು ಒಳಗೆ ಹೋಯಿತು. ಅವನು ಇನ್ನೊಂದು ಬಾಗಿಲಿನಿಂದ ಇಳಿದು ಬಂದು ತಗಡನ್ನು ಮುಟ್ಟಿ ನೋಡಿದ. ನಾನೇನೂ ಕನಿಕರಪಡಲಿಲ್ಲ.

ಶೋರೂಮಿನ ಮ್ಯಾನೇಜರ್ ಡ್ಯಾಮೇಜ್ ಚೀಟಿ ಹಿಡಿದುಕೊಂಡೇ ಬಂದರು. ಕಾರು ಕೆಟ್ಟರೆ ಯಾರಿಂದ ಎಂದು ಆ ಚೀಟಿಯಲ್ಲಿ ಬರೆದು, ಇಳಿಸಿಕೊಂಡವನು ಸಹಿ ಮಾಡಬೇಕು. ಇಳಿಸಿಕೊಂಡವನು ನಾನು.

“ಲೇ ತಮ್ಮಾ, ಇಂವನ ಹೆಸರಿನ್ಯಾಗ ಇದು ಎರಡನೇದು. ಇನ್ನ ಇಂವನ್ನ ಗಾಡಿ ಮ್ಯಾಲೆ ಇಡೂದಿಲ್ಲ. ನೀ ಸಹಿ ಮಾಡು, ಲಾರಿ ಮಾಲಕಗ ನಿನ್ನ ಹೆಸರು ನಾ ಹೇಳ್ತೀನಿ. ಎಷ್ಟ್ ದಿನದಿಂದ ಬಡ್ಕೋಳಾಕತ್ತಿದ್ದಿ?”

ಆರು ತಿಂಗಳಿಂದ ಬಡಿದುಕೊಳ್ಳುತ್ತಿದ್ದೆ. ಪೆನ್ನು ಕೈಯಲ್ಲಿತ್ತು.

ಆ ಮನುಷ್ಯ ನನ್ನ ಕಡೆ ಬೆರಳು ತೋರಿಸಿ, “ತೋಚ್ ಮ್ಹಣಾಲಾ, ಹಾಕ್!” ಅಂದ. ಇವನೇ ಹೇಳಿದ, ಹಾಕ್ ಅಂತ.

“ಏನ್ ಅಂದಿ ನೀ?” ಮ್ಯಾನೇಜರ್ ಕೇಳಿದರು.

“ಹಾಕ್ ಅಂದ್ನಿರಿ.”

“ಮತ್ತ? ಬ್ರೇಕ್ ಹಾಕ್ ಅಂತ ಅಂದಿ. ಇಂವಗ ತಿಳೀಲಿಲ್ಲ. ತಪ್ಪು ಇಂವಂದು. ಮಾಡು ಸಹಿ.”

ನಿಜ. ನಾನು ಹೇಳಿದ್ದು ಸುಳ್ಳಲ್ಲ, ಅವನು ಹೇಳಿದ್ದೂ ಸುಳ್ಳಲ್ಲ. ಸುಮ್ಮನೆ ಗೀಚಿದ್ದರೆ ಸ್ಟೇರಿಂಗ್ ನನ್ನದಾಗುತ್ತಿತ್ತು. ಆದರೆ ಅವನಿಗೆ ಕನ್ನಡ ಬರುವುದಿಲ್ಲ ಎಂದು ಗೊತ್ತಿದ್ದವನು ನಾನು. ಥಾಂಬ ಅನ್ನುವುದು ಬಾಯಲ್ಲಿದ್ದೂ ಹಟಕ್ಕೆ ಅನ್ನದವನು ನಾನು. ಕಾರು ಓಡಿಸಲು ಬರದೆ ಅವನು ಕೆಡವಿದ್ದರೆ ಖುಷಿಯಿಂದ ಸಹಿ ಮಾಡುತ್ತಿದ್ದೆ.

“ಅಂವಗ ತಿಳೀಲಿ ಅಂತ ನಾ ಹೇಳಿದ್ದಿಲ್ಲರಿ,” ಅಂದೆ. “ನಂದ ಹೆಸರ್ ಬರೀರಿ.”

“ತಲಿ ಕೆಟ್ಟೈತೇನ್ ಲೇ? ಚೀಟಿ ಮ್ಯಾಲೆ ಹೆಸರು ಬಿದ್ರ ನಾಕ್ ವರ್ಷ ಸ್ಟೇರಿಂಗ್ ಮರತ ಬಿಡು ಮತ್ತ!”

“ಬರೀರಿ.”

ಬರೆದರು. ಮೂರು ಸಲ ಥೂ ಅಂದು ಬರೆದರು. ಆ ಡ್ರೈವರನಿಗೆ ನಮ್ಮ ಮಾತು ಅರ್ಥವಾಗಲಿಲ್ಲ. ಚೀಟಿಯ ಮೇಲೆ ತನ್ನ ಹೆಸರಿಲ್ಲ ಎಂದು ಗೊತ್ತಾದಾಗ ನನ್ನನ್ನು ಒಂದು ಸಲ ನೋಡಿದ. ಉಪಕಾರ ಅನ್ನಲಿಲ್ಲ. ಅಂದಿದ್ದರೂ ನನಗೆ ಬೇಡವಾಗಿತ್ತು. ನಾನು ಮಾಡಿದ್ದು ಉಪಕಾರವಲ್ಲ.

ಈಗಲೂ ವಾರಕ್ಕೊಮ್ಮೆ ಆ ಲಾರಿ ಬರುತ್ತದೆ. ಅವನೇ ತರುತ್ತಾನೆ. ಕಡಗ ತೆಗೆದಿಲ್ಲ, ಅದರ ಮೇಲೆ ಬಟ್ಟೆ ಸುತ್ತಿಕೊಂಡು ಬರುತ್ತಾನೆ. ಈಗಲೂ ಕಾನಡ್ಯಾ ಅನ್ನುತ್ತಾನೆ. ನಾನು ಹಿಂದೆ ನಿಂತು ಥಾಂಬ ಅನ್ನುತ್ತೇನೆ, ಅವನು ನಿಲ್ಲಿಸುತ್ತಾನೆ. ಕೆಲಸ ಮುಗಿದಮೇಲೆ ಬೇರೆ ಬೇರೆ ಅಂಗಡಿಯಲ್ಲಿ ಚಹಾ ಕುಡಿಯುತ್ತೇವೆ. ಆ ಸ್ಟೇರಿಂಗ್ ನನಗೆ ಈಗಲೂ ಬೇಕು. ಅವನ ಕಣ್ಣು ಮಂಜಾಗಲಿ ಎಂದು ಕಾಯುತ್ತಿದ್ದೇನೆ.