ತ್ಸಂಬೀಕಾ ಕೂರದ ಕುರ್ಚಿ

ರೋಡ್ಸ್ ದ್ವೀಪದ ಕೋಟೆಯೊಳಗಿನ ಊರು ನಮ್ಮದು. ಹತ್ತೊಂಬತ್ತು ವರ್ಷ ನಾನೂ ತ್ಸಂಬೀಕಾಳೂ ಒಂದೇ ಮ್ಯೂಸಿಯಂನಲ್ಲಿ ಕಾವಲಿದ್ದೆವು. ನನ್ನದು ಹೂಜಿಗಳ ಕೋಣೆ. ಪಕ್ಕದ ಕೋಣೆ ಅವಳದು, ಅಲ್ಲಿ ನೆಲದ ತುಂಬ ಬಣ್ಣದ ಹರಳುಗಲ್ಲು ಕೂಡಿಸಿದ ಎರಡು ಸಾವಿರ ವರ್ಷದ ಚಿತ್ರ. ಮೊದಲೆಲ್ಲ ಊಟವಾದ ಮೇಲೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಯಾರಾದರೂ ಹಗ್ಗ ದಾಟಿದರೆ ಕಣ್ಣು ಮುಚ್ಚಿಕೊಂಡೇ "ಕಾಲು ತೆಗೀರಿ!" ಎಂದು ಗದರುತ್ತಿದ್ದಳು. ಆರು ವರ್ಷದ ಹಿಂದಿನ ಏಪ್ರಿಲ್‌ನಿಂದ ಅವಳು ಕೂರುವುದನ್ನೇ ಬಿಟ್ಟಳು.

ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ. ಮಗಳ ಮದುವೆಯಾದರೆ ಮೇಲಿನ ಮನೆ ಅವಳದು, ಹೆತ್ತವರು ಕೆಳಗಿನ ಉಗ್ರಾಣಕ್ಕೆ ಇಳಿಯಬೇಕು. ತ್ಸಂಬೀಕಾಳ ತಾಯಿ ಸೆವಸ್ತಿಯೂ ಹಾಗೇ ಇಳಿದವಳು. ಅಜ್ಜಿಯ ಹೆಸರನ್ನೇ ಹೊತ್ತ ಮೊಮ್ಮಗಳು ಸೆವಸ್ತಿಯ ಮದುವೆ ಆ ಸೆಪ್ಟೆಂಬರಿಗೆ ಗೊತ್ತಾಗಿತ್ತು. ಉಗ್ರಾಣದಲ್ಲಿ ಬಚ್ಚಲು ಮಾಡಿಸಲು ತ್ಸಂಬೀಕಾಳ ಗಂಡ ಯಾಕುಮಿಸ್ ಪೈಪಿಗೆಂದು ನೆಲ ಅಗೆದ.

ಮರುದಿನ ತ್ಸಂಬೀಕಾ ನನ್ನ ಕೈ ಹಿಡಿದು ಆ ಉಗ್ರಾಣಕ್ಕೆ ಎಳೆದುಕೊಂಡು ಹೋದಳು. ಅವಳ ತಾಯಿ ಬದುಕಿದ್ದಷ್ಟು ದಿನವೂ ಈಗ ಅಗೆದಿದ್ದ ಮೂಲೆಯಲ್ಲಿ ದೊಡ್ಡ ಎಣ್ಣೆ ಜಾಡಿ ಇಟ್ಟುಕೊಂಡಿದ್ದಳು, ಯಾರಿಗೂ ಸರಿಸಲು ಬಿಡುತ್ತಿರಲಿಲ್ಲ. ಈಗ ಜಾಡಿ ಪಕ್ಕಕ್ಕಿತ್ತು. ಗುಂಡಿಯಲ್ಲಿ ಜರಡಿ ಹಿಡಿದ ಮರಳು, ಅದರಡಿ ಕೆಂಪು ಪಟ್ಟೆಯ ಕೈಮಗ್ಗದ ಹೊದಿಕೆ. ಹೊದಿಕೆ ಎತ್ತಿದರೆ ಅವಳ ಕೋಣೆಯ ಚಿತ್ರದಂಥದೇ ಹರಳುಗಲ್ಲಿನ ಒಂದು ಬಾತುಕೋಳಿ, ಕೊಕ್ಕು ಇನ್ನೂ ಕೆಂಪಗೆ.

"ಈ ಹೊದಿಕೆ ಅಮ್ಮ ನೇಯ್ದಿದ್ದು ಕಣೇ," ಎಂದಳು. "ನನ್ನ ಮದುವೆಗೆ ಮೇಲಿನ ಮನೆ ನಂಗೆ ಬಿಟ್ಟು ಇಳಿಯೋವಾಗ ಇಲ್ಲೇ ಅಗೆಸಿದ್ಲು. ನಂಗೆ ಮ್ಯೂಸಿಯಂ ಕೆಲಸ ಸಿಕ್ಕಾಗ ಎರಡು ದಿನ ಊಟ ಬಿಟ್ಲು. ಲೋಕದಲ್ಲಿ ಬೇರೆ ಕೆಲಸಾನೇ ಇರ್ಲಿಲ್ವಾ ನಿಂಗೆ ಅಂತ ಅತ್ತಿದ್ಲು."

ಇಂಥ ಹಳೆಯದು ಸಿಕ್ಕಿತೆಂದು ಮ್ಯೂಸಿಯಂನವರಿಗೆ ಹೇಳಿಬಿಟ್ಟರೆ ಕಾನೂನಿನಂತೆ ಮನೆಯ ಕೆಲಸ ನಿಲ್ಲುತ್ತದೆ. ಎದುರು ಮನೆಯಲ್ಲಿ ಹಾಗೆ ನಿಂತದ್ದು ಹನ್ನೊಂದು ವರ್ಷ. ಅಲ್ಲಿ ಅಡ್ಡ ಕಟ್ಟಿದ ತಗಡಿನ ಹಿಂದೆ ಬೆಕ್ಕುಗಳು ಮರಿ ಹಾಕುತ್ತವೆ.

"ನೀನು ಬಾಯಿ ಮುಚ್ಚು ಸಾಕು, ಗುಂಡಿ ನಾನು ಮುಚ್ತೀನಿ," ಎಂದ ಯಾಕುಮಿಸ್.

ಆ ವಾರ ಅವಳು ಮೂರು ಸಲ ಮ್ಯೂಸಿಯಂ ಡೈರೆಕ್ಟರರ ಬಾಗಿಲವರೆಗೆ ಹೋದಳು. ಮೂರನೆಯ ಸಲ ತಟ್ಟಲು ಕೈ ಎತ್ತಿದ್ದಳಂತೆ, ಅಷ್ಟರಲ್ಲಿ ಮಗಳ ಫೋನು. ಮೇಲಿನ ಕಿಟಕಿಗಳಿಗೆ ಪರದೆ ನೀಲಿಯೋ ಬಿಳಿಯೋ ಎಂದು ಕೇಳಿದಳು. ತ್ಸಂಬೀಕಾ ಬಿಳಿ ಎಂದು ಹೇಳಿ ವಾಪಸು ಬಂದಳು. ನನಗೆ ಅವಳ ಮೇಲೆ ಕೋಪ ಬಂತು. ಆದರೂ ಭಾನುವಾರ ಎರಡು ಬಕೆಟ್ ಮರಳು ಹೊತ್ತವಳು ನಾನೇ.

ತ್ಸಂಬೀಕಾ ತಾಯಿಯ ಹೊದಿಕೆಯನ್ನು ಮಡಿಕೆ ಬೀಳದಂತೆ ಹಾಸಿದಳು. ಆಮೇಲೆ ಮೈಮೇಲಿದ್ದ ಮ್ಯೂಸಿಯಂ ಕೋಟನ್ನು ಬಿಚ್ಚಿ ಅದರ ಮೇಲಿಟ್ಟಳು.

"ಅದ್ಯಾಕೆ? ತಲೆ ಕೆಟ್ಟಿದ್ಯಾ?" ಎಂದೆ.

"ಮುಂದೆ ತೆಗೆಯೋರಿಗೆ ಗೊತ್ತಾಗ್ಲಿ. ಗೊತ್ತಿಲ್ದೆ ಮುಚ್ಚಿದ್ದಲ್ಲ ಅಂತ."

ಪೈಪು ಬೇರೆ ಕಡೆಯಿಂದ ಸುತ್ತಿ ಹೋಯಿತು. ಜಾಡಿ ತನ್ನ ಜಾಗಕ್ಕೆ ಬಂತು. ಮದುವೆ ಚೆನ್ನಾಗಿಯೇ ಆಯಿತು. ಅವಳು ಮಾತ್ರ ಕೆಲಸ ಬಿಡುವ ದಿನದವರೆಗೂ ಆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಇದ್ದಳು. ಹಗ್ಗ ದಾಟಿದವರನ್ನು ಗದರುವುದನ್ನೂ ಬಿಟ್ಟಳು.

ಮೊನ್ನೆ ಮಗಳು ಸೆವಸ್ತಿ ಸಂತೆಯಲ್ಲಿ ಸಿಕ್ಕಿದಳು.

"ಚಿಕ್ಕಮ್ಮಾ, ಅಮ್ಮನ ಜಾಗಕ್ಕೆ ನನ್ನನ್ನೇ ತಗೊಂಡ್ರು! ಸಿಹಿ ತಗೊಂಡು ಮನೆಗೆ ಹೋದ್ರೆ ಅಮ್ಮ ಮುಟ್ಲೇ ಇಲ್ಲ. ಎರಡು ದಿನದಿಂದ ಊಟಾನೂ ಮಾಡಿಲ್ಲ. ಏನಾಗಿದೆ ಅವ್ಳಿಗೆ, ನಿಮಗೇನಾದ್ರೂ ಗೊತ್ತಾ?"

"ವಯಸ್ಸಾಯ್ತಲ್ಲಮ್ಮಾ," ಎಂದೆ.

ಇಂದು ಸೋಮವಾರ. ಸೆವಸ್ತಿ ಹೊಸ ಕೋಟು ತೊಟ್ಟು ತಾಯಿಯ ಕುರ್ಚಿಯಲ್ಲಿ ಹಾಯಾಗಿ ಕೂತಿದ್ದಾಳೆ, "ಕಾಲು ತೆಗೀರಿ!" ಎಂದು ಗದರುತ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ನಾನು ಬೆಳಗಿನಿಂದ ಕೂತಿಲ್ಲ.