ಎರೆಹುಳಕ್ಕೆ ಸೋಮವಾರ ರಜ

ಇವತ್ತು ಮಧ್ಯಾಹ್ನ ಅಟ್ಟೂರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಫೋನಿಗೊಂದು ಫೋಟೋ ಬಂತು. ಗೋಣಿತಾಟು ಹೊದಿಸಿದ ತೊಟ್ಟಿ, ಸುತ್ತ ನಗುವ ಹೆಂಗಸರು. ಇದರಲ್ಲೇನಿದೆ ಅನ್ನುತ್ತೀರಿ. ನಾನು ಮಾತ್ರ ಬಂದ ಬಸ್ಸು ಹತ್ತುವುದನ್ನೇ ಮರೆತೆ.

ಅವರು ಆಫ್ರಿಕಾದ ಮಲಾವಿಯವರು. ಅವರಿಗೆ ಎರೆಗೊಬ್ಬರ ಕಲಿಸಿದ್ದು ನನ್ನ ಚಿಕ್ಕಮ್ಮ. ಒಂದು ಸಂಸ್ಥೆಯವರು ವಾರಕ್ಕೊಮ್ಮೆ ವಿಡಿಯೋ ಕಾಲ್ ಏರ್ಪಡಿಸುತ್ತಿದ್ದರು. ಚಿಕ್ಕಮ್ಮ ಹಿತ್ತಿಲ ತೊಟ್ಟಿಯ ಮುಂದೆ ಕೂತು ಕನ್ನಡದಲ್ಲಿ ಹೇಳುವುದು, ನಾನು ಫೋನು ಹಿಡಿದು ನನ್ನ ಹರಕು ಇಂಗ್ಲಿಷಿಗೆ ತಿರುಗಿಸುವುದು, ಆ ಕಡೆ ಗ್ರೇಸ್ ಎಂಬಾಕೆ ಅದನ್ನು ತಮ್ಮವರಿಗೆ ಹೇಳುವುದು. ಇಷ್ಟು ಬಾಯಿ ದಾಟಿ ಹೋದ ಪಾಠದಲ್ಲೂ ಹುಳ ಬದುಕಿದವು ಎಂದರೆ ಅದು ಹುಳಗಳ ದೊಡ್ಡತನ. ಹಸಿ ಸಗಣಿ ಹಾಕಿದರೆ ಕಾವಿಗೆ ಸಾಯುತ್ತವೆ ಎಂದು ಚಿಕ್ಕಮ್ಮ ಗದರಿದರೆ, ನಾನು ಬಾಯಿ ತೆರೆಯುವ ಮೊದಲೇ ಅವರು ತಲೆಯಾಡಿಸುತ್ತಿದ್ದರು. ಅವರಿಗೆಲ್ಲ ಅವಳು ‘ಅಮ್ಮ’.

ಗೊಬ್ಬರದಿಂದ ಹುಳ ಬೇರೆ ಮಾಡುವ ಕೊನೆಯ ಪಾಠ ಸೋಮವಾರಕ್ಕೆ ಬಿತ್ತು. ಸೋಮವಾರ ಬಸವಣ್ಣನ ದಿನ, ನಮ್ಮಲ್ಲಿ ಎತ್ತಿಗೆ ನೊಗ ಕಟ್ಟುವುದಿಲ್ಲ. ಎತ್ತು ಮಾರಿ, ಹೊಲ ಲೇಔಟ್ ಆದ ಮೇಲೆ ಚಿಕ್ಕಮ್ಮ ಆ ರಜೆಯನ್ನು ಎರೆಹುಳಗಳಿಗೆ ಕೊಟ್ಟುಬಿಟ್ಟಿದ್ದಳು.

“ದುಡಿಯೋ ಜೀವ ಕಣೋ, ಇವತ್ತೊಂದಿನ ಸುಮ್ನಿರ್ಲಿ. ನಾಳೆ ತೋರಿಸ್ತೀನಿ ಅನ್ನು.”

ಸೋಮವಾರ ಹುಳಕ್ಕೆ ರಜ, ನಾಳೆ ತೋರಿಸುತ್ತಾಳಂತೆ ಎಂದು ಗ್ರೇಸಳಿಗೆ ಹೇಳಿದೆ. ಆದರೆ ಸಂಸ್ಥೆಯವರ ಯೋಜನೆ ಅವತ್ತಿಗೇ ಮುಗಿಯಿತು. ನಮ್ಮ ನಂಬರನ್ನು ಗ್ರೇಸಳಿಗೆ ಕೊಡಿ ಎಂದು ಹೇಳಿ ಕಾಯುತ್ತಾ ಕೂತೆವು. ಫೋನು ಬರಲಿಲ್ಲ. ಚಿಕ್ಕಮ್ಮನಿಗೆ ಅದೇ ಕೊರಗಾಯಿತು. ಕಾಫಿ ಕುಡಿಯುವಾಗಲೂ ಅದೇ ಮಾತು, ಆಸ್ಪತ್ರೆಯ ಮಂಚದ ಮೇಲೂ ಅದೇ.

“ಗುಡ್ಡೆ ಮಾಡಿ ಬಿಸ್ಲಿಗಿಟ್ರೆ ಹುಳ ತಾನೇ ಕೆಳಕ್ಕಿಳೀತದೆ. ಅಷ್ಟು ತೋರಿಸ್ದೆ ಬಿಟ್ನಲ್ಲೋ. ಪಾಪ, ಕೈಲಿ ಹೆಕ್ತಾ ಕೂತಿರ್ತಾರೆ.”

ಅವಳ ಹಟದ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಹೋದ ತಿಂಗಳು ಅವಳು ತೀರಿಕೊಂಡಳು. ಈಗ ಸಿಟ್ಟು ಮಾಡಿಕೊಳ್ಳಲೂ ಯಾರೂ ಇಲ್ಲ ಎಂಬುದೇ ಸಂಕಟ.

ಫೋಟೋದ ಕೆಳಗೆ ಗ್ರೇಸ್ ಬರೆದಿದ್ದಳು: ನಂಬರು ಈಗ ಸಿಕ್ಕಿತು, ಗೊಬ್ಬರ ತುಂಬಿದೆ, ಹುಳ ಬೇರೆ ಮಾಡಲು ಬರುತ್ತಿಲ್ಲ. ಅಮ್ಮನಿಗೆ ಫೋನು ಕೊಡಿ.

ಅಮ್ಮ ಇಲ್ಲ. ಕನ್ನಡದಲ್ಲಿ ಅಷ್ಟೇ ಸಾಕು, ಕೇಳಿದವರು ತಲೆ ತಗ್ಗಿಸುತ್ತಾರೆ. ಆ ಎರಡೇ ಮಾತನ್ನು ಇದ್ದ ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ.

ತಕ್ಷಣ ಉತ್ತರ ಬಂತು. “ಮನೆಯಲ್ಲಿಲ್ಲವೇ? ಪರವಾಗಿಲ್ಲ, ಹೇಗೂ ಇವತ್ತು ಸೋಮವಾರ. ನಾಳೆ ಅಮ್ಮ ಬಂದ ಮೇಲೆ ತೋರಿಸಲಿ.”